ಕತ್ತರಿ ಬಿದ್ದ ನಗು

ತಗಡಿನವನ ಸುತ್ತಿಗೆ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ. ಧಡ್, ಧಡ್, ಆಮೇಲೆ ತಗಡನ್ನು ತಿರುಗಿಸಿಕೊಳ್ಳುವಷ್ಟು ಹೊತ್ತು ಒಂದು ಬಿಡುವು, ಮತ್ತೆ ಧಡ್. ಅವನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಪ್ಪತ್ತು ವರ್ಷದಿಂದ ಇರುವ ಹೆಂಗಸು ಆ ಸದ್ದನ್ನು ಒಂದು ದಿನವೂ ಬೈದವಳಲ್ಲ. ನಗೆನಾಟಕಕ್ಕೆ ಮಾತು ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ ಎನ್ನುತ್ತಿದ್ದಳು.

"ಹೊಡೆಯೋದು ಯಾರಿಗಾದ್ರೂ ಬರುತ್ತೆ. ತಿರುಗಿಸಿಕೊಳ್ಳೋವಾಗ ಸುಮ್ಮನಿರ್ತಾನಲ್ಲ, ಅದನ್ನ ಕಲೀರಿ."

ತಂಡದವರು ಅವಳನ್ನು ಸೂಜಿಯಕ್ಕ ಎಂದು ಕರೆಯುತ್ತಾರೆ. ಅವಳ ತಾಯಿ ತಂಡಕ್ಕೆ ಉಡುಪು ಹೊಲಿಯುತ್ತಿದ್ದಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವಳ ನಾಲಿಗೆ. ಅವಳಿಗೆ ಈಗ ಐವತ್ತೆರಡು. ಬರೆಯುವುದು, ಆಡುವುದು, ಆಡಿಸುವುದು ಮೂರೂ ಅವಳದೇ. ಬರೆಯುವಾಗ ಕೂರುವುದಿಲ್ಲ, ಕಿಟಕಿಯ ಕಟ್ಟೆಯ ಮೇಲೆ ತಾಯಿಯ ಕಾಲದ ಕಟಿಂಗ್ ಕಾಗದ ಹರಡಿಕೊಂಡು, ಒಂದು ಕಡೆ ಯಾರದೋ ತೋಳಿನ ಅಳತೆ, ಇನ್ನೊಂದು ಕಡೆ ಯಾರದೋ ಗಂಡನ ಮಾತು, ಹಾಗೆ ನಿಂತೇ ಬರೆಯುತ್ತಾಳೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾಯಿಯ ಜೊತೆ ರಂಗದ ಹಿಂದಿನ ಕೋಣೆಗೆ ಬಂದಿದ್ದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಯ ಮೊಳೆಗಳಿಗೆ ನೇತುಬಿದ್ದ ರಾಜರು, ಕಳ್ಳರು, ಪೊಲೀಸರು. ಅಲ್ಲಿಂದ ನಾಟಕ ಕಾಣುತ್ತಿರಲಿಲ್ಲ. ನಗು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಮುಖಗಳಿಗಿಂತ ಮೊದಲು ಅವಳು ನಗುವನ್ನು ಗುರುತು ಹಿಡಿಯಲು ಕಲಿತಳು. ಗಂಡಸರ ನಗು ನೆಲದಿಂದ ಏಳುತ್ತದೆ, ಕುರ್ಚಿ ಅಲುಗಿಸುತ್ತದೆ. ಹೆಂಗಸರದು ಮೊದಲು ಒಬ್ಬಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕದವಳ ಮುಖ ನೋಡುತ್ತದೆ. ಅಲ್ಲಿಂದ ಒಪ್ಪಿಗೆ ಸಿಕ್ಕ ಮೇಲೆ ಸಾಲಿನುದ್ದಕ್ಕೂ ಹರಿದುಬಿಡುತ್ತದೆ.

ತಂಡ ಕಟ್ಟಿದ ಯಜಮಾನ ಆಗ ದೊಡ್ಡ ಹಾಸ್ಯನಟ. ಒಂದು ಸಂಜೆ ಅವನ ಕೋಟಿಗೆ ಗುಂಡಿ ಹಾಕುತ್ತಿದ್ದಾಗ ಅವನು ಮಾತು ಮೆಲುಕು ಹಾಕುತ್ತಿದ್ದ. "ನಾನು ಮನೇಲಿ ಹುಲಿ, ಗೊತ್ತೇನೋ? ಹುಲಿ!"

ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹುಡುಗಿ ಅಂದಳು: "ಹೌದು, ಗೋಡೆಗೆ ನೇತುಹಾಕಿರೋ ಹುಲಿ."

ಯಜಮಾನ ತಲೆ ಬಗ್ಗಿಸಿ ಅವಳನ್ನು ನೋಡಿದ. ಅರ್ಧ ಗಂಟೆಯ ಮೇಲೆ ಗೋಡೆಯಾಚೆಯಿಂದ ಬಂದ ನಗುವಿಗೆ ಅವಳು ಬೆರಳಿಗೆ ಸೂಜಿ ಚುಚ್ಚಿಕೊಂಡಳು. ನಾಟಕ ಮುಗಿಸಿ ಬಂದವನು ಅಂದ: "ನಾಳೆ ಇನ್ನೊಂದು ಗುಂಡಿ ಕಿತ್ತುಕೊಂಡು ಬರ್ತೀನಿ ಕಣಮ್ಮ."

ಏಳು ವರ್ಷ ಅವನು ಗುಂಡಿ ಕಿತ್ತುಕೊಂಡು ಬಂದ. ಭಿತ್ತಿಪತ್ರದಲ್ಲಿ ಅವನ ಹೆಸರು, ಮಾತು ಇವಳದು. ಆಮೇಲೆ ಅತ್ತೆಯ ಪಾತ್ರ ಮಾಡುತ್ತಿದ್ದವಳು ಹೇಳದೆ ಕೇಳದೆ ತಂಡ ಬಿಟ್ಟಳು. ಆ ಮಾತುಗಳೆಲ್ಲ ಬಾಯಿಗೆ ಬರುತ್ತಿದ್ದುದು ಬರೆದವಳಿಗೊಬ್ಬಳಿಗೇ. ಹೀಗೆ ರಂಗಕ್ಕೆ ಬಂದಳು. ಇಳಿಯಲಿಲ್ಲ.

ಯಜಮಾನನ ಕೊನೆ ಮಾತ್ರ ಚೆನ್ನಾಗಿರಲಿಲ್ಲ. ಒಂದು ವರ್ಷ ಇದ್ದಕ್ಕಿದ್ದಂತೆ ಜನ ಅವನ ಮಾತಿಗೆ ನಗುವುದನ್ನು ನಿಲ್ಲಿಸಿದರು. ಅದೇ ಮಾತು, ಅದೇ ನಡಿಗೆ, ಆದರೆ ಸಭೆ ಕಲ್ಲು. ತಂಡ ಇವಳ ಕೈಗೆ ಬಂತು. ಅವನು ಬಸ್ ನಿಲ್ದಾಣದಲ್ಲಿ ಅಪರಿಚಿತರನ್ನು ತಡೆದು ಜೋಕು ಹೇಳುತ್ತಿದ್ದ, ಹೇಳುತ್ತ ಅವರ ಬಾಯಿಯನ್ನೇ ನೋಡುತ್ತಿದ್ದ. ಒಮ್ಮೆ ಇವಳ ಮಣಿಕಟ್ಟು ಹಿಡಿದುಕೊಂಡು ಹುಲಿಯ ಮಾತು ಹೇಳಿದ. ಇವಳು ನಕ್ಕಳು.

"ಸುಳ್ಳು ನಗಬೇಡ. ಅದನ್ನ ಹೊಲಿದವಳೇ ನೀನು," ಅಂದ. ಮಣಿಕಟ್ಟು ಬಿಡಲಿಲ್ಲ. ಬಸ್ಸು ಬಂದು ಹೋಯಿತು.

ಆ ಹಿಡಿತ ಅವಳ ಕೈಯಲ್ಲಿ ಉಳಿದುಬಿಟ್ಟಿತು. ನಗು ಹೇಳಿ ಹೋಗುವುದಿಲ್ಲ, ತನ್ನನ್ನು ಬಿಟ್ಟು ಹೋದದ್ದು ಎಲ್ಲರಿಗಿಂತ ಕೊನೆಗೆ ತನಗೆ ತಿಳಿಯುತ್ತದೆ ಎಂಬ ಹೆದರಿಕೆ ಹುಟ್ಟಿತು. ಅದಕ್ಕಾಗಿಯೇ ಅವಳು ಒಂದು ನಿಯಮ ಮಾಡಿದಳು. ಪ್ರತಿ ದೃಶ್ಯ ಮುಗಿದು ಪರದೆಯ ಮರೆಗೆ ಬಂದ ಕೂಡಲೇ, ಬೆವರು ಒರೆಸುವ ಮೊದಲೇ, ನಾಟಕದ ಪ್ರತಿಯ ಅಂಚಿನಲ್ಲಿ ಗುರುತು ಹಾಕಬೇಕು. ಸಣ್ಣ ನಗುವಿಗೆ ಒಂದು ಗೀಟು, ದೊಡ್ಡದಕ್ಕೆ ಎರಡು, ಮಾತು ನಿಲ್ಲಿಸುವಂಥದಕ್ಕೆ ಮೂರು. ನಗದೇ ಹೋದರೆ ಸೊನ್ನೆ. ಒಂದೇ ಮಾತಿಗೆ ಮೂರು ಪ್ರದರ್ಶನದಲ್ಲಿ ಮೂರು ಸೊನ್ನೆ ಬಿದ್ದರೆ ಕತ್ತರಿ. ನಿಜವಾದ ಕತ್ತರಿಯೇ, ತಾಯಿಯ ಬಟ್ಟೆ ಕತ್ತರಿ. ಸಾಲನ್ನು ಪ್ರತಿಯಿಂದಲೇ ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಯಾರು ಎಷ್ಟು ಗೋಗರೆದರೂ ಡಬ್ಬಿಯಿಂದ ಒಂದು ಮಾತೂ ವಾಪಸು ಬಂದದ್ದಿಲ್ಲ.

ಗುರುತು ಹಾಕುವಾಗ ಪ್ರತಿ ಹಿಡಿದುಕೊಳ್ಳುತ್ತಿದ್ದವನು ಡೊಳ್ಳು. ಹೊಟ್ಟೆ ನೋಡಿ ಇಟ್ಟ ಹೆಸರು. ಹದಿನಾಲ್ಕು ವರ್ಷದಿಂದ ರಂಗದ ಮೇಲೆ ಅವಳ ಗಂಡ. ರಂಗದ ಕೆಳಗೆ ಅವಳ ಬೈಗುಳ ತಿನ್ನುವವನು.

ಕಳೆದ ಎರಡು ವರ್ಷದಲ್ಲಿ ಸೊನ್ನೆಗಳು ಹೆಚ್ಚಾದವು.

ಮೊದಲು ಅಲ್ಲೊಂದು ಇಲ್ಲೊಂದು. ನೆರೆಮನೆಯವಳ ಫೋನಿನ ಮಾತು. ಮಗಳ ಶಾಲೆಯ ಜಗಳ. ಬಳಿಕ ಇಡೀ ದೃಶ್ಯಗಳು. ಮುಚ್ಚಳದ ದೃಶ್ಯಕ್ಕೂ ಸೊನ್ನೆ ಬಿತ್ತು. ಅದು ತಂಡದ ಹೆಸರು ಉಳಿಸಿದ ದೃಶ್ಯ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು, ಒಲೆಯ ಮೇಲೆ ಒಂದು ಪಾತ್ರೆ, ಕೈಯಲ್ಲಿ ಇಪ್ಪತ್ತು ಮುಚ್ಚಳ, ಒಂದೂ ಆ ಪಾತ್ರೆಗೆ ಕೂರುವುದಿಲ್ಲ. ಅವಳು ಒಂದೊಂದನ್ನೂ ಎತ್ತಿ, ಹೇಳದೆ ಬಂದ ನೆಂಟರನ್ನು ವಿಚಾರಿಸುವಂತೆ ವಿಚಾರಿಸುತ್ತಾಳೆ: "ನೀನು ಯಾರ ಕಡೆಯವನಪ್ಪ? ನಿನ್ನ ಪಾತ್ರೆ ಎಲ್ಲಿ? ಅದು ಹೋಗಿ ಎಷ್ಟು ವರ್ಷ ಆಯ್ತು? ಹಾಗಾದ್ರೆ ನೀನ್ಯಾಕಪ್ಪ ಇನ್ನೂ ಇದ್ದೀಯ?" ಮೂಲೆಯಲ್ಲಿ ಗಂಡ ಪತ್ರಿಕೆ ಓದುತ್ತ, ತಲೆಯೆತ್ತದೆ, "ಯಾವುದೋ ಒಂದು ಮುಚ್ಚಮ್ಮ" ಎನ್ನುತ್ತಾನೆ.

ಮೂರನೆಯ ಸೊನ್ನೆ ಬಿದ್ದ ಸಂಜೆ ಅವಳು ಆ ಹಾಳೆಗಳನ್ನು ಕತ್ತರಿಸಿದಳು. ಅಂಚು ಸೊಟ್ಟಗಾಯಿತು.

ಡೊಳ್ಳು ಜಾರಿ ಬಿದ್ದರೆ ಮಾತ್ರ ಮೂರು ಗೀಟು. ಕುಡುಕನಾಗಿ ಬಂದರೆ ಮೂರು. ಸಭೆ ಗುಡುಗುತ್ತಿತ್ತು, ಹಲಗೆಗಳು ಅವಳ ಅಂಗಾಲಿನ ಕೆಳಗೆ ಅದುರುತ್ತಿದ್ದವು. ಅವಳು ಅಂಥದನ್ನೇ ಹೆಚ್ಚು ಬರೆದಳು. ಬರೆಯುವಾಗ ನಾಚಿಕೆಯಾಗುತ್ತಿತ್ತು, ಆದರೂ ಸಭೆ ಕೇಳಿದ್ದನ್ನು ಕೊಡದಿದ್ದರೆ ಬಸ್ ನಿಲ್ದಾಣವೇ ಗತಿ. ಬಣ್ಣ ಹಚ್ಚುವ ಕನ್ನಡಿಯಲ್ಲಿ ತನ್ನ ಮುಖದ ಹಿಂದೆ ಯಜಮಾನನ ಮುಖ ನಿಂತ ಹಾಗಾಗಿ ಕನ್ನಡಿಯನ್ನೇ ಓರೆ ಮಾಡಿಟ್ಟಳು. ತಾಲೀಮಿನಲ್ಲಿ ಎಲ್ಲರ ಮೇಲೂ ರೇಗಿದಳು: "ಬಾಯಿ ಬಿಟ್ಟು ಮಾತಾಡ್ರೋ! ಎಲ್ಲರೂ ಹತ್ತಿ ನುಂಗಿದ ಹಾಗೆ ಮಾತಾಡ್ತೀರಲ್ಲ!" ಫೋನು ಬಂದರೆ ಲೈನ್ ಸರಿಯಿಲ್ಲ ಎಂದು ಇಟ್ಟುಬಿಡುತ್ತಿದ್ದಳು.

ಅಷ್ಟರಲ್ಲಿ ಅವಳ ತಂಗಿ ಹಿಂತಿರುಗಿದಳು. ಗಂಡನ ವರ್ಗಾವಣೆಯ ಹಿಂದೆ ಏಳು ವರ್ಷ ಊರೂರು ಸುತ್ತಿದವಳು. ಬಂದ ಮೂರನೆಯ ದಿನವೇ ಹಿಂದಿನ ಸಾಲಿನಲ್ಲಿ ಕೂತು ಅಕ್ಕನ ನಾಟಕ ನೋಡಿದಳು. ಮರುದಿನ ಬೆಳಿಗ್ಗೆ ಮನೆಯಲ್ಲಿ ಟೀ ಲೋಟ ಹಿಡಿದುಕೊಂಡು, ಅಕ್ಕನ ಎದುರಿಗೆ ಕೂತು ಕೇಳಿದಳು:

"ಮುಚ್ಚಳ ಎಲ್ಲಿ?"

"ಸಕ್ಕರೆ ಡಬ್ಬಿದಾ?"

"ನಾಟಕದ್ದು ಅಕ್ಕ. ನಾನು ನನ್ನ ನಾದಿನಿಗೆ ಬೇರೆ ಹೇಳಿ ಕರ್ಕೊಂಡು ಬಂದಿದ್ದೆ. ಬರೀ ಬೀಳೋದು, ಏಳೋದು. ಹೊಟ್ಟೆ ಇದ್ದೋನಿಗೆಲ್ಲ ಪಾತ್ರ, ಬಾಯಿ ಇದ್ದೋಳಿಗೆ ಒಂದೂ ಇಲ್ಲ."

"ಜನ ನಗಲಿಲ್ಲ. ತೆಗೆದೆ."

"ಯಾವ ಜನ?"

"ಸಭೇಲಿ ಎಷ್ಟು ಥರದ ಜನ ಇರ್ತಾರೆ? ನಿನ್ನೆನೂ ನೋಡಿದ್ಯಲ್ಲ, ಆ ಬಾಡಿಗೆ ಮನೆಯವಳ ಮಾತು. ಹೆಣದ ಮುಂದೆ ಹೇಳಿದ ಹಾಗಿತ್ತು. ಎರಡನೇ ಸೊನ್ನೆ."

ತಂಗಿ ಲೋಟ ಕೆಳಗಿಟ್ಟಳು. "ಆ ಮಾತಿಗೆ ನನ್ನ ಪಕ್ಕ ಕೂತವಳು ನಕ್ಕು ನಕ್ಕು ನನ್ನ ತೊಡೆಗೆ ಬಾರಿಸಿದ್ಲು. ಯಾರೋ ಏನೋ, ಗುರುತೇ ಇಲ್ಲ. ನಮ್ಮ ಸಾಲಿಡೀ ನಗ್ತಿತ್ತು. ನಾದಿನಿಗೆ ಕೆಮ್ಮು ಬಂತು."

"ಸುಮ್ಮನೆ ಸಮಾಧಾನ ಮಾಡಬೇಡ."

"ನಿನಗೆ ಕೇಳಿಸಲಿಲ್ವಾ?"

ತಂಗಿ ಎದ್ದು ಅಕ್ಕನ ಬೆನ್ನ ಹಿಂದೆ ಹೋಗಿ ನಿಂತಳು. ಏನೋ ಹುಡುಗಾಟ ಎಂದುಕೊಂಡು ಇವಳು ಕಾದಳು. ಕಿಟಕಿಯ ಹೊರಗೆ ಒಗೆದ ಬಟ್ಟೆಯೊಂದು ಗಾಳಿಗೆ ಎದ್ದು ಬಿತ್ತು.

"ಏನು ನಿಂತ್ಕೊಂಡೆ? ಏನು ಮಾಡ್ತೀಯೋ ಮಾಡು," ಅಂದಳು.

ತಂಗಿ ಮುಂದೆ ಬಂದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ. ತುಟಿಗಳು ನಿಧಾನವಾಗಿ ಆಡಿದವು.

"ನಕ್ಕಾಯ್ತು ಅಕ್ಕ. ಎರಡು ಸಲ."

ಕಿವಿಯ ವೈದ್ಯೆ ಚಿಕ್ಕ ವಯಸ್ಸಿನವಳು. ಸೂಜಿಯಕ್ಕನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಲು ಹೇಳಿದಳು. ಮೊದಲು ದಪ್ಪ ಸದ್ದುಗಳು ಬಂದವು. ಒತ್ತಿದಳು. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು ಗಾಜಿನಾಚೆ ನೋಡಿದರೆ ವೈದ್ಯೆಯ ಬೆರಳು ಒಂದಾದ ಮೇಲೊಂದು ಕೀಲಿ ಒತ್ತುತ್ತಲೇ ಇತ್ತು, ಪಕ್ಕದಲ್ಲಿ ನಿಂತ ತಂಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸೂಜಿಯಕ್ಕ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಕಾದಳು. ಅಷ್ಟು ಉದ್ದದ ಬಿಡುವನ್ನು ಅವಳು ಯಾವ ರಂಗದ ಮೇಲೂ ತಾಳಿಕೊಂಡಿರಲಿಲ್ಲ.

ಹೊರಗೆ ಬಂದಾಗ ವೈದ್ಯೆ ಒಂದು ಗೆರೆ ತೋರಿಸಿದಳು. ಸ್ವಲ್ಪ ದೂರ ಸಮನಾಗಿ ಹೋಗಿ ಬಾವಿಗೆ ಬಿದ್ದ ಹಾಗೆ ಕೆಳಗಿಳಿಯುವ ಗೆರೆ.

"ದಪ್ಪ ದನಿಗಳು ಇನ್ನೂ ಇವೆ ಅಮ್ಮ. ತೆಳು ದನಿ ಹೋಗಿದೆ. ಹೆಂಗಸರದು, ಮಕ್ಕಳದು. ಒಂದೇ ದಿನ ಹೋಗಿದ್ದಲ್ಲ, ಅದಕ್ಕೇ ಗೊತ್ತಾಗಿಲ್ಲ. ನೀವು ತುಟಿ ನೋಡಿ ಮಾತು ಹಿಡೀತಾ ಇದ್ದೀರಿ."

"ಯಂತ್ರ ಹಾಕಿದ್ರೆ?"

"ಎದುರಾಬದುರು ಮಾತಿಗೆ ಆಗುತ್ತೆ, ಅಭ್ಯಾಸಕ್ಕೆ ತಿಂಗಳುಗಟ್ಟಲೆ ಬೇಕು. ಸಭೇಲಿ, ಅಷ್ಟು ಜನರ ಮಧ್ಯೆ, ಎಲ್ಲ ಸೇರಿ ಒಂದೇ ಗದ್ದಲ ಆಗಿಬಿಡುತ್ತೆ." ಆಮೇಲೆ ಬರೆಯಲು ತಲೆ ಬಗ್ಗಿಸಿ ಇನ್ನೇನೋ ಅಂದಳು. ಅದು ಸೂಜಿಯಕ್ಕನಿಗೆ ಸಿಗಲಿಲ್ಲ. ಮೆಟ್ಟಿಲು ಇಳಿಯುವಾಗ ತಂಗಿಯನ್ನು ನಿಲ್ಲಿಸಿ ಕೇಳಿದಳು.

"ಉಳಿದಿರೋದೂ ಹೋಗಬಹುದು ಅಂದ್ಲು," ಅಂದಳು ತಂಗಿ, ಬೇರೆ ಕಡೆ ನೋಡುತ್ತ. ಮತ್ತೆ ನೆನಪಾಗಿ, ಅಕ್ಕನ ಕಡೆ ತಿರುಗಿ ಇನ್ನೊಮ್ಮೆ ಅಂದಳು.

ಮನೆಗೆ ಬಂದು ಸೂಜಿಯಕ್ಕ ಬಿಸ್ಕತ್ತಿನ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದಳು. ಕಾಗದದ ಚೂರುಗಳಲ್ಲಿ ಈ ಎರಡು ವರ್ಷದವನ್ನು ಬೇರೆ ಮಾಡಿದಳು. ಒಂದೊಂದನ್ನೇ ಎತ್ತಿ ಓದಿದಳು. ಅಡುಗೆಮನೆ, ಹೆರಿಗೆ ಕೋಣೆ, ಬಟ್ಟೆ ಅಂಗಡಿ, ಗಂಡನ ಗೊರಕೆ. ಎಲ್ಲವೂ ಹೆಂಗಸರು ನಗುವಂಥವೇ. ಅವರು ನಕ್ಕಿದ್ದರು. ಪಕ್ಕದವಳ ಮುಖ ನೋಡಿ, ಒಪ್ಪಿಗೆ ಪಡೆದು, ಸಾಲುಸಾಲಾಗಿ ನಕ್ಕಿದ್ದರು. ಅವರ ಎದುರಿಗೇ ನಿಂತು ಅವಳು ಸೊನ್ನೆ ಸುತ್ತಿದ್ದಳು. ಅರ್ಧ ಸಭೆಯನ್ನು ತನ್ನ ಕೈಯಾರೆ ಕತ್ತರಿಸಿದ್ದಳು.

"ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ," ಅಂದಳು ತಂಗಿಗೆ, "ಇಲ್ಲಿ ಬಾರಿಸೋಳೇ ಕಿವುಡಿ."

ಇಬ್ಬರೂ ನಕ್ಕರು. ಸೂಜಿಯಕ್ಕನಿಗೆ ಕಂಡದ್ದು ತಂಗಿಯ ಬಾಯಿ ತೆರೆದು ಮುಚ್ಚುವುದಷ್ಟೇ. ಜನ ನಗುತ್ತಿಲ್ಲ ಎಂಬುದು ಹಳೆಯ ಹೆದರಿಕೆ. ಜನ ನಕ್ಕರೂ ನಗದಿದ್ದರೂ ಇನ್ನು ಮುಂದೆ ತನಗೆ ಒಂದೇ ಎಂಬುದು ಹೊಸದು. ಮಾತು ಹೇಳಿ ಎಷ್ಟು ಹೊತ್ತು ನಿಲ್ಲಬೇಕು? ನಗು ಏರುವಾಗ ಬಾಯಿ ತೆರೆದರೆ ಮುಂದಿನ ಮಾತು ಅದರಡಿ ಸಿಕ್ಕಿ ಸಾಯುತ್ತದೆ. ನಗುವೇ ಇಲ್ಲದಾಗ ಕಾದು ನಿಂತರೆ ಹೆಣದ ಹಾಗೆ ಕಾಣುತ್ತದೆ. ಅವಳ ಕಸುಬೆಲ್ಲ ಆ ಬಿಡುವಿನಲ್ಲೇ ಇತ್ತು.

"ಮುಚ್ಚಳ ವಾಪಸು ಹಾಕು," ಅಂದಳು ತಂಗಿ.

"ಕುರುಡಾಗಿ ಹೊಳೆ ದಾಟು ಅಂತೀಯ."

"ನಾನು ಪರದೆ ಪಕ್ಕ ನಿಂತು ಕೈ ತೋರಿಸ್ತೀನಿ."

"ನಿನ್ನ ಕೈ ನೋಡ್ತಾ ನಿಂತ್ರೆ ಮುಚ್ಚಳ ಯಾರು ನೋಡ್ತಾರೆ? ಆ ದೃಶ್ಯದಲ್ಲಿ ನಾನು ತಲೆ ತಿರುಗಿಸೋ ಹಾಗಿಲ್ಲ. ಎದುರಿಗೆ ಕಾಣೋನು ಒಬ್ಬನೇ." ಹೇಳುತ್ತ ಹೇಳುತ್ತ ನಿಲ್ಲಿಸಿದಳು. ಎದುರಿಗೆ ಕಾಣುವವನು ಡೊಳ್ಳು. ಪತ್ರಿಕೆ ಹಿಡಿದ ಗಂಡ.

ಡೊಳ್ಳನಿಗೆ ಹೇಳಲು ಎರಡು ದಿನ ಹಿಡಿಯಿತು. ಖಾಲಿ ಸಭಾಂಗಣದಲ್ಲಿ, ಮಧ್ಯಾಹ್ನ, ಅವನು ಕುರ್ಚಿಗಳ ನಡುವೆ ಕಡತದಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಾಗ ಎಲ್ಲವನ್ನೂ ಹೇಳಿದಳು. ಅವನು ಅಯ್ಯೋ ಅನ್ನಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಗಾಳಿ ಬೀಸಿಕೊಳ್ಳುವುದನ್ನು ಮಾತ್ರ ನಿಲ್ಲಿಸಿದ.

"ಏನೋ, ಸುಮ್ಮನೆ ಕೂತೆ?"

"ಏನು ಹೇಳ್ಲಿ ಅಕ್ಕ."

ಅವಳು ಅವನ ಮುಖವನ್ನೇ ನೋಡಿದಳು. ಹದಿನಾಲ್ಕು ವರ್ಷ ಎದುರು ನಿಂತು ನೋಡಿದ ಮುಖ. "ನಿನಗೆ ಗೊತ್ತಿತ್ತಾ?"

ಡೊಳ್ಳು ತನ್ನ ಅಂಗೈ ನೋಡಿಕೊಂಡ. "ಕಿವಿ ವಿಷಯ ಗೊತ್ತಿರಲಿಲ್ಲ. ದೇವರಾಣೆ. ಹೆಂಗಸರು ನಗೋದು ಕೇಳಿಸ್ತಿತ್ತು. ನೀವು ಬಂದು ಸೊನ್ನೆ ಹಾಕ್ತಿದ್ರಿ. ಪೆನ್ಸಿಲ್ ಕೊಡ್ತಿದ್ದೋನು ನಾನೇ. ಅಂದ್ಕೊಂಡೆ, ಅಕ್ಕನಿಗೆ ಈ ನಗು ಸಾಲದು, ದೊಡ್ಡದು ಬೇಕು."

"ಮೊದಲನೇ ಸಲ ಹಾಗಂದ್ಕೊಂಡೆ. ಮೂರನೇ ಸಲ?"

ಅವನು ಕಡತವನ್ನು ಪಕ್ಕದ ಕುರ್ಚಿಯ ಮೇಲಿಟ್ಟ.

"ಮೂರನೇ ಸಲ ನನ್ನ ಕುಡುಕನ ಪಾತ್ರ ಇನ್ನಷ್ಟು ಉದ್ದ ಆಗುತ್ತೆ ಅಂದ್ಕೊಂಡೆ," ಅಂದ. "ಹದಿನಾಲ್ಕು ವರ್ಷ ಪತ್ರಿಕೆ ಹಿಡ್ಕೊಂಡು ಕೂತಿದ್ದೆ ಅಕ್ಕ. ಯಾವುದೋ ಒಂದು ಮುಚ್ಚಮ್ಮ ಅನ್ನೋಕೆ."

ಸೂಜಿಯಕ್ಕನ ನಾಲಿಗೆಗೆ ಹತ್ತು ಮಾತು ಬಂದವು. ಒಂದನ್ನೂ ಆಡಲಿಲ್ಲ. ಇವನನ್ನು ತಂಡದಿಂದ ಓಡಿಸಿದರೆ ಆ ಕುರ್ಚಿಗೆ ಹೊಸಬನನ್ನು ತರಬೇಕು. ನಗು ಎಲ್ಲಿ ಇಳಿಯುತ್ತದೆ ಎಂದು ತಿಳಿಯಲು ಹೊಸಬನಿಗೆ ಹದಿನಾಲ್ಕು ವರ್ಷ ಬೇಕು. ಅಷ್ಟು ಕಾಲ ಅವಳ ಕಿವಿಗಿಲ್ಲ.

"ಎದ್ದೇಳು," ಅಂದಳು. "ಪತ್ರಿಕೆ ತಗೊಂಡು ಬಾ. ದೊಡ್ಡದು."

ಉಪಾಯ ಸರಳವಾಗಿತ್ತು. ಗಂಡ ಪತ್ರಿಕೆ ಓದುತ್ತ ಕೂರುತ್ತಾನೆ. ನಗು ಇಳಿಯತೊಡಗಿದಾಗ ಪುಟ ತಿರುಗಿಸುತ್ತಾನೆ. ಬೆಳಕಿನಲ್ಲಿ ಕಾಗದದ ಬಿಳಿ ಅವಳ ಕಣ್ಣಂಚಿಗೆ ಬೀಳುತ್ತದೆ. ಆಗ ಅವಳು ಮುಂದಿನ ಮುಚ್ಚಳ ಎತ್ತುತ್ತಾಳೆ. ನಗುವೇ ಇಲ್ಲದಿದ್ದರೆ ತಕ್ಷಣ ತಿರುಗಿಸಬೇಕು. ಸಭೆಗೆ ಅವನು ಬರೀ ಓದುವ ಗಂಡ.

"ನಗು ನಿಲ್ಲದೇ ಇದ್ರೆ?"

"ತಿರುಗಿಸಬೇಡ."

"ಆಗ ಒಂದೇ ಪುಟ ಎಷ್ಟು ಹೊತ್ತು ಓದ್ಲಿ? ಜನ ನನ್ನ ಅನಕ್ಷರಸ್ಥ ಅಂತಾರೆ."

"ಅನ್ನಲಿ. ಗಂಡಂದಿರು ಎಲ್ಲರೂ ಹಾಗೇ ಓದೋದು."

ತಂಗಿ ಖಾಲಿ ಕುರ್ಚಿಗಳ ನಡುವೆ ಕೂತು ಇಡೀ ಸಭೆಯ ಪರವಾಗಿ ನಕ್ಕಳು. ಹತ್ತು ದಿನ ಹಾಗೆ ತಾಲೀಮು ನಡೆಯಿತು. ಡೊಳ್ಳು ಒಮ್ಮೆಯೂ ತಪ್ಪಲಿಲ್ಲ. ಅದರಿಂದಲೂ ಅವಳಿಗೆ ಧೈರ್ಯ ಬರಲಿಲ್ಲ. ತಾಲೀಮಿನಲ್ಲಿ ಯಾರೂ ತಪ್ಪುವುದಿಲ್ಲ. ಮುಚ್ಚಳ ಗೆದ್ದರೆ ಕುಡುಕನ ದೃಶ್ಯ ಹೋಗಬೇಕು, ಎರಡು ಗಂಟೆಯಲ್ಲಿ ಎರಡಕ್ಕೂ ಜಾಗವಿಲ್ಲ. ಅದು ಅವನಿಗೂ ಗೊತ್ತಿತ್ತು. ಒಂದು ಪುಟ ಅರೆಗಳಿಗೆ ಮೊದಲು ತಿರುಗಿದರೆ ಸಾಕು, ಏರುತ್ತಿರುವ ನಗುವನ್ನು ತಾನೇ ತುಳಿಯುತ್ತಾಳೆ. ಅರೆಗಳಿಗೆ ತಡವಾದರೆ ಮೌನದಲ್ಲಿ ಮುಚ್ಚಳ ಹಿಡಿದು ನಿಲ್ಲುತ್ತಾಳೆ. ತಪ್ಪು ಅವನದೆಂದು ತಂಗಿಯನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸೂಜಿಯಕ್ಕನ ಕಾಲ ಮುಗಿಯಿತು ಎಂದು ಸಭೆ ಮನೆಗೆ ಹೋಗುತ್ತದೆ.

ಶನಿವಾರ ಮಧ್ಯಾಹ್ನದ ಆಟ. ಹೆಂಗಸರು ಬರುವ ಹೊತ್ತು. ಪರದೆಯ ಸಂದಿಯಿಂದ ನೋಡಿದಾಗ ಕುರ್ಚಿಗಳು ತುಂಬಿದ್ದವು. ತಲೆಗಳು ಆಡುತ್ತಿದ್ದವು, ಬಾಯಿಗಳು ಆಡುತ್ತಿದ್ದವು. ಸದ್ದು ಮಾತ್ರ ದೂರದ ಗಿರಣಿಯದ್ದರ ಹಾಗೆ, ನೆಲದಡಿಯಿಂದ ಬರುತ್ತಿತ್ತು. ಮೊದಲ ಅಂಕದಲ್ಲಿ ಡೊಳ್ಳು ಜಾರಿ ಬಿದ್ದ. ಹಲಗೆ ಅದುರಿತು. ಹೊರಗೆ ಬಂದವನು ಬೆವರು ಒರೆಸಿಕೊಂಡು, ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಅವಳ ಮುಂದೆ ಒಂದು ಕ್ಷಣ ನಿಂತ. ಏನೋ ಹೇಳಬೇಕೆಂದಿದ್ದನೋ ಏನೋ. ಮಂದ ಬೆಳಕಿನಲ್ಲಿ ಅವನ ತುಟಿ ಅವಳಿಗೆ ಕಾಣಲಿಲ್ಲ. ಅವನು ಹೋಗಿ ಕುರ್ಚಿಯಲ್ಲಿ ಕೂತು ಪತ್ರಿಕೆ ಬಿಡಿಸಿದ.

ಸೂಜಿಯಕ್ಕ ಇಪ್ಪತ್ತು ಮುಚ್ಚಳಗಳನ್ನು ಎದೆಗವಚಿಕೊಂಡು ಪರದೆಯ ಮರೆಯಲ್ಲಿ ನಿಂತಳು. ತಂಗಿ ತಟ್ಟನೆ ಮುಂದೆ ಬಂದು ಅವುಗಳ ಮೇಲೆ ಎರಡೂ ಕೈಯಿಟ್ಟು ಅದುಮಿದಳು.

"ಏನು?"

"ಸದ್ದು ಮಾಡ್ತಿವೆ," ಅಂದಳು ತಂಗಿ, ಮುಖ ಹತ್ತಿರ ತಂದು.

"ಹೌದಾ?" ಅಂದಳು ಸೂಜಿಯಕ್ಕ. ತನ್ನ ಕೈ ಇಷ್ಟು ನಡುಗುತ್ತಿದೆಯೆಂದು ಆಗಲೇ ತಿಳಿದದ್ದು. "ಎಷ್ಟು ಹೊತ್ತಿಂದ?"

ತಂಗಿ ಕೈ ತೆಗೆಯಲಿಲ್ಲ. ರಂಗದ ಮೇಲೆ ಬೆಳಕು ಏರಿತು. ಪತ್ರಿಕೆಯ ಹಿಂದೆ ಡೊಳ್ಳನ ಮುಖ ಮುಚ್ಚಿಹೋಗಿತ್ತು; ಎರಡು ಬದಿಯಲ್ಲಿ ನಾಲ್ಕು ನಾಲ್ಕು ಬೆರಳು ಮಾತ್ರ.

"ಕೇಳು," ಅಂದಳು ಸೂಜಿಯಕ್ಕ, ತಂಗಿಯ ಕೈಗಳ ಕೆಳಗಿಂದ ಮುಚ್ಚಳಗಳನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ, "ಅವನೇನಾದ್ರೂ ಪುಟ ತಿರುಗಿಸದೇ ಕೂತುಬಿಟ್ರೆ ನಾನು ನಿಂತೇ ಇರ್ತೀನಿ, ಅವರು ನಗ್ತಿದ್ದಾರೆ ಅಂತಲೇ ನಂಬ್ಕೊಂಡು ನಿಂತಿರ್ತೀನಿ, ನೀನು ಮಾತ್ರ ಆಗ ನನ್ನನ್ನ ಒಳಗೆ ಕರೀಬೇಡ," ಎನ್ನುತ್ತಲೇ ಬೆಳಕಿನೊಳಕ್ಕೆ ನಡೆದುಬಿಟ್ಟಳು.